ಕೂಗದ ಕುಕ್ಕರ್

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ, ಹೆಸರಿನದು. ಆ ಪಾತ್ರೆಗೆ ಯಾರು ಹೆಸರಿಟ್ಟರೋ, ಅದನ್ನು ಕುಕ್ಕರ್ ಎನ್ನದೆ ಮಡಕೆ ಎಂದಿದ್ದರೆ, ಹೋಗಲಿ ಬಾನಿ ಎಂದಿದ್ದರೂ ಸಾಕಿತ್ತು, ನಮ್ಮ ಬೀದಿಯ ಜನ ಅವತ್ತು ಅಡುಗೆ ಅರ್ಧಕ್ಕೆ ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಿರಲಿಲ್ಲ. ಅಗ್ನಿಶಾಮಕದ ಗಾಡಿ ಬರುತ್ತಿರಲಿಲ್ಲ. ನಾನು ಒಂದು ಕಾಲಿಗೆ ಯಾರದೋ ಚಪ್ಪಲಿ ಸಿಕ್ಕಿಸಿಕೊಂಡು ಬಸ್ ನಿಲ್ದಾಣದಿಂದ ಮನೆಯವರೆಗೆ ಓಡುತ್ತಿರಲಿಲ್ಲ.

ನನ್ನನ್ನು ಹೆದರುಪುಕ್ಕಲ ಎಂದು ನನ್ನ ಹೆಂಡತಿ ಕರೆಯುತ್ತಾಳೆ. ಅದು ಸರಿಯಲ್ಲ. ಹೆದರುಪುಕ್ಕಲನಿಗೆ ಹಾವೋ ಹಲ್ಲಿಯೋ ಒಂದೆರಡಕ್ಕೆ ಭಯವಿರುತ್ತದೆ, ಉಳಿದ ಹೊತ್ತು ಅವನು ಹಾಯಾಗಿರುತ್ತಾನೆ. ನನಗೆ ಹಾಗೆ ಪಕ್ಷಪಾತವಿಲ್ಲ. ಬಾಗಿಲು ತಟ್ಟಿದರೆ ಭಯ, ತಟ್ಟದಿದ್ದರೆ ಯಾಕೆ ಯಾರೂ ಬರಲಿಲ್ಲ ಎಂದು ಭಯ. ನನ್ನ ಕೆಲಸವೂ ಅಂಥದ್ದೇ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆಯೊಂದಿದೆ. ಜನ ಬಸ್ಸಿನಲ್ಲಿ ಮರೆತುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ಅವುಗಳ ನಡುವೆ ಕುಳಿತು ಕಾಯುವವನು ನಾನು. ಇಡೀ ದಿನ ಬೇರೆಯವರು ಮರೆತದ್ದನ್ನು ನೋಡುತ್ತ ಕೂತವನಿಗೆ ತಾನು ಏನು ಮರೆತಿದ್ದೇನೆ ಎಂಬ ಯೋಚನೆ ಬಾರದೆ ಇರುತ್ತದೆಯೇ?

ಮರೆತದ್ದೂ ಉಂಟು. ನಾವಿರುವುದು ಹಳದಿ ಬಣ್ಣದ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಕೆಳಗೆ ಮನೆಯ ಒಡತಿ. ಆಕೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಇಡೀ ಬೀದಿ ಆಕೆಯನ್ನು ಹಿಂದಿನಿಂದ ಹೆಡ್ಮಿಸ್ಸು ಎನ್ನುತ್ತದೆ, ಎದುರಿಗೆ ಯಾರೂ ಏನೂ ಎನ್ನುವುದಿಲ್ಲ. ಒಮ್ಮೆ ನಾನು ನಲ್ಲಿ ತೆರೆದಿಟ್ಟು ಕೆಲಸಕ್ಕೆ ಹೋದೆ. ನೀರು ಚಾವಣಿಯಿಂದ ಇಳಿದು ಆಕೆ ಓದಲು ಕೂರುವ ಕುರ್ಚಿಯ ಮೇಲೆ ಬಿತ್ತು. ಕುರ್ಚಿಯಲ್ಲಿ ಆಕೆ ಇದ್ದರು. ಇನ್ನೊಮ್ಮೆ ಇಸ್ತ್ರಿ ಪೆಟ್ಟಿಗೆ ಆರಿಸದೆ ಹೋದೆ, ಪರದೆ ಸುಟ್ಟಿತು. ಅವತ್ತು ಆಕೆ ನನ್ನನ್ನು ಕೆಳಗೆ ಕರೆಸಿ, ಗೋಡೆಯ ಪಕ್ಕ ನಿಲ್ಲಿಸಿ ಹೇಳಿದರು.

"ನಮ್ಮ ಶಾಲೇಲಿ ಎರಡು ತಪ್ಪು ಕ್ಷಮಿಸ್ತಿದ್ವಿ. ಮೂರನೇದಕ್ಕೆ ಟಿ.ಸಿ. ಕೊಟ್ಟು ಕಳಿಸ್ತಿದ್ವಿ. ಯಾರೂ ಇಲ್ಲದ ಮನೇಲಿ ಇನ್ನೊಂದ್ಸಲ ಏನಾದ್ರೂ ಉರೀತಿತ್ತು ಅಂತ ಗೊತ್ತಾಗ್ಲಿ, ನಿಮಗೂ ಟಿ.ಸಿ.ನೇ."

ನನಗೆ ಯಾವ ಮನೆಯಾದರೂ ಒಂದೇ. ಆದರೆ ನನ್ನ ಹೆಂಡತಿ ಹೊಲಿಗೆಯವಳು. ಹಿಂದಿನ ಮನೆಗಳಲ್ಲಿ ಹಗಲಲ್ಲೂ ದೀಪ ಹಾಕಿ ಹೊಲಿದು ಅವಳ ಕಣ್ಣು ಕೆಂಡವಾಗುತ್ತಿತ್ತು. ಈ ಮನೆಯ ಮುಂದಿನ ಕೋಣೆಗೆ ಗೋಡೆಯಗಲದ ಕಿಟಕಿ. ಬಂದ ದಿನ ಅವಳು ಗಂಟುಮೂಟೆ ಬಿಚ್ಚುವುದಕ್ಕೂ ಮೊದಲು ಆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಡಿಸಿ, ಕುಳಿತು, ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. "ಈ ಮನೆ ಬಿಡೋ ಹಾಗೆ ಮಾಡಿದ್ರೆ ನಾನು ನಿಮ್ಮನ್ನ ಬಿಡ್ತೀನಿ" ಎಂದಳು. ಬೈದು ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ, ಅವಳು ನಗುತ್ತ ಹೇಳಿದಳು.

ಇಂಥ ಪರಿಸ್ಥಿತಿಯಲ್ಲಿ ನನ್ನ ಬಾಳಿಗೆ ಗ್ರನೋಲಾ ಬಂತು.

ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ ತುಟಿ ಉಬ್ಬಿಸಿ, ಬೆಳಿಗ್ಗೆ ಬೆಣ್ಣೆ ಬಿಸ್ಕತ್ತು ಬಿಡಿ, ಗ್ರನೋಲಾ ತಿನ್ನಿ ಎಂದರು. ಗ್ರನೋಲಾ ಎಂದರೆ ಮತ್ತೇನಲ್ಲ, ಓಟ್ಸಿಗೆ ಬಾದಾಮಿ, ಕುಂಬಳ ಬೀಜ, ಜೇನುತುಪ್ಪ, ಚೂರು ಎಣ್ಣೆ ಬೆರೆಸಿ ಗರಿಗರಿಯಾಗುವ ತನಕ ಬಿಸಿ ಮಾಡಿದ್ದು. ಹೆಂಡತಿ ಅಂಗಡಿಯಿಂದ ಒಂದು ಪೊಟ್ಟಣ ತಂದಳು. ನಾನು ಕನ್ನಡಕ ಹಾಕಿಕೊಂಡು ಅದರ ಹಿಂದೆ ಬರೆದದ್ದನ್ನೆಲ್ಲ ಓದಿ, "ಇದರ ತುಂಬ ಸಕ್ಕರೆ. ಅಂಗಡೀದು ತಿನ್ನೋದು ಅಂದ್ರೆ ದುಡ್ಡು ಕೊಟ್ಟು ರೋಗ ತರೋದು. ನಾನೇ ಮನೇಲಿ ಮಾಡ್ತೀನಿ" ಎಂದೆ.

ಅವಳು ನಗಬಹುದಿತ್ತು. ನಗಲಿಲ್ಲ. ಹೊಲಿಯುವುದನ್ನು ನಿಲ್ಲಿಸಿ, "ನೀವು?" ಎಂದಳು. ಮತ್ತೆ ಹೊಲಿಯತೊಡಗಿದಳು. ಆ ಒಂದು 'ನೀವು' ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಮುಂದೊಂದು ದಿನ ಅವಳು ಬೆಳಿಗ್ಗೆಯೇ ಅಕ್ಕನ ಮನೆಗೆ ಹೊರಟಳು, ಸಂಜೆ ಬರುವುದು. ಹೊಸಿಲು ದಾಟುವಾಗ, "ಅಡುಗೆಮನೆ ಕಡೆ ತಲೆ ಹಾಕ್ಬೇಡಿ. ನೀರು, ತಿಂಡಿ ಎಲ್ಲ ಮೇಜಿನ ಮೇಲಿದೆ" ಎಂದಳು. ಅವಳ ಹೆಜ್ಜೆ ಮೆಟ್ಟಿಲಿಳಿದದ್ದೇ ತಡ, ನಾನು ಸ್ಟೂಲು ಹತ್ತಿ ಅಟ್ಟದ ಮೇಲಿದ್ದ ಡಬ್ಬ ಇಳಿಸಿದೆ. ಅದೇ ಅಕ್ಕ ಎಂದೋ ಉಡುಗೊರೆ ಕೊಟ್ಟ ಸ್ಲೋ ಕುಕ್ಕರ್. ಕರೆಂಟಿನಲ್ಲಿ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಪಿಂಗಾಣಿ ಪಾತ್ರೆ. ಒಲೆಗೆ ಹೆದರುವವನಿಗೆ ಹೇಳಿ ಮಾಡಿಸಿದ್ದು, ಅದರಲ್ಲಿ ಬೆಂಕಿಯೇ ಇಲ್ಲ. ಮೊಬೈಲಿನಲ್ಲಿ ಒಬ್ಬಾಕೆ ಅದರಲ್ಲೇ ಗ್ರನೋಲಾ ಮಾಡುವುದನ್ನು ತೋರಿಸಿದ್ದಳು. ನಿಧಾನವೇ ಪ್ರಧಾನ ಎಂದು ನಾಲ್ಕು ಸಲ ಹೇಳಿದ್ದಳು. ಒಂದು ಗುಟ್ಟನ್ನೂ ಹೇಳಿದ್ದಳು, ಮುಚ್ಚಳವನ್ನು ಪೂರ್ತಿ ಮುಚ್ಚಬಾರದು, ಒಂದು ಮರದ ಸೌಟನ್ನು ಅಡ್ಡ ಸಿಕ್ಕಿಸಿ ಓರೆ ಇಡಬೇಕು, ಆವಿ ಹೊರಗೆ ಹೋಗದಿದ್ದರೆ ಓಟ್ಸು ಗಂಜಿಯಾಗುತ್ತದೆ. ಆಗಾಗ ಕೈಯಾಡಿಸಬೇಕು ಎಂದೂ ಹೇಳಿದ್ದಳು. ಅದಕ್ಕೆ ಮನೆಯಲ್ಲಿ ಮನುಷ್ಯರಿರಬೇಕು ಎಂಬುದು ನನಗೆ ಹೊಳೆಯಲಿಲ್ಲ.

ಎಲ್ಲ ಬೆರೆಸಿದೆ, ಸುರಿದೆ, ಸೌಟು ಸಿಕ್ಕಿಸಿದೆ, ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಸಂಜೆ ಹೆಂಡತಿ ಬಾಗಿಲು ತೆರೆದಾಗ ಜೇನಿನ ಘಮ ಮೂಗಿಗೆ ಬಡಿಯಬೇಕು, ಅವಳು 'ನೀವಾ?' ಎನ್ನಬೇಕು. ಅದೇ ಗುಂಗಿನಲ್ಲಿ ಬಟ್ಟೆ ಹಾಕಿಕೊಂಡೆ. ಇಸ್ತ್ರಿಯ ಪ್ರಕರಣವಾದ ಮೇಲೆ ಹೆಂಡತಿ ನನಗೊಂದು ಶಿಸ್ತು ಕಲಿಸಿದ್ದಾಳೆ. ಮನೆ ಬಿಡುವಾಗ ಪ್ರತಿ ಕೋಣೆಗೂ ಹೋಗಬೇಕು, ಕೈಯಾಡಿಸಬೇಕಾದ ಕಡೆ ಕೈಯಾಡಿಸಬೇಕು, ಬೀಗ ಹಾಕಿ ಜಗ್ಗಿ ನೋಡಬೇಕು. ಅವತ್ತೂ ಎಲ್ಲ ಮಾಡಿದೆ. ಕೈಕಾಲು ತಾವೇ ಮಾಡಿಕೊಂಡವು, ನಾನು ಗ್ರನೋಲಾದಲ್ಲಿದ್ದೆ.

ನಿಲ್ದಾಣದ ಕೋಣೆಯಲ್ಲಿ ಬೂಟು ಬಿಚ್ಚಿಟ್ಟು ಕುಳಿತೆ. ಬೂಟು ಬಿಚ್ಚಿದರೆ ನನಗೆ ಸ್ವಲ್ಪ ಧೈರ್ಯ. ಅಷ್ಟರಲ್ಲಿ ಒಬ್ಬ ಹೆಂಗಸು ಮರೆತ ಬುತ್ತಿಯನ್ನು ಹುಡುಕಿಕೊಂಡು ಬಂದಳು. "ಮನೇಲಿ ಹಾಲು ಒಲೆ ಮೇಲಿಟ್ಟಿದೀನೋ ಇಳಿಸಿದೀನೋ ನೆನಪಾಗ್ತಿಲ್ಲ, ಬೇಗ ಕೊಡಿ" ಎಂದಳು. ನಾನು ಬುತ್ತಿಯ ಬದಲು ಹಲ್ಲಿನ ಸೆಟ್ಟನ್ನು ಅವಳ ಕೈಗಿಟ್ಟೆ. ಅವಳ ಹಾಲಿಗೂ ನನಗೂ ಏನು ಸಂಬಂಧ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಯಾರೂ ಇಲ್ಲದ ಮನೆಯಲ್ಲಿ, ಸ್ವಿಚ್ ಹಾಕಿ, ಮುಚ್ಚಳ ಓರೆ ಇಟ್ಟು ಬಂದಿದ್ದೇನೆ. ಸೌಟು ಮರದ್ದು. ಮರ ಉರಿಯುತ್ತದೆ. ಎಣ್ಣೆ ಇನ್ನೂ ಚೆನ್ನಾಗಿ ಉರಿಯುತ್ತದೆ. ಪಕ್ಕದ ಗೋಡೆಯಾಚೆ ಮುಂದಿನ ಕೋಣೆ, ಅದರಲ್ಲಿ ಬಟ್ಟೆ, ದಾರ, ಕಿಟಕಿ.

ಬಿಟ್ಟು ಹೋಗುವಂತಿಲ್ಲ. ನಿಲ್ದಾಣದ ಮೇಲಧಿಕಾರಿಯನ್ನು ಎಲ್ಲರೂ ಕಂಟ್ರೋಲರ್ ಎನ್ನುತ್ತಾರೆ, ಕೆಲಸದ ಹೊತ್ತಿನಲ್ಲಿ ಫೋನು ಕಿವಿಗಿಟ್ಟವನನ್ನು ಕಂಡರೆ ಅವರಿಗಾಗದು. ಆದರೂ ನಾನು ಛತ್ರಿಗಳ ಹಿಂದೆ ಬಗ್ಗಿ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಅವರು ಹಿಂದೆ ಜೀವ ವಿಮೆಯ ಏಜೆಂಟರು. ಕೆಲಸದಿಂದ ನಿವೃತ್ತರಾಗಿದ್ದರೂ ಅಪಘಾತಗಳಿಂದ ನಿವೃತ್ತರಾಗಿರಲಿಲ್ಲ. ಯಾರು ಸಿಕ್ಕರೂ "ನಿಮ್ಮಷ್ಟೇ ವಯಸ್ಸು, ಪಾಪ" ಎಂದೇ ಮಾತು ಶುರು ಮಾಡುವವರು.

"ಸಾರ್, ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಬಾಲ್ಕನಿಯಿಂದ ನಮ್ಮ ಅಡುಗೆಮನೆ ಕಿಟಕಿ ಕಾಣುತ್ತಲ್ಲ, ಒಂದ್ಸಲ ಕಣ್ಣು ಹಾಯಿಸ್ತೀರಾ? ಕುಕ್ಕರ್ ಇಟ್ಟು ಬಂದ್ಬಿಟ್ಟಿದೀನಿ."

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಅಯ್ಯೋ ಶಿವನೇ. ಎಷ್ಟು ಕೂಗಾಯ್ತು?"

"ಕೂಗೋದಿಲ್ಲ ಸಾರ್ ಅದು."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಯಾವಾಗ ಇಟ್ಟಿದ್ದು?"

"ಬೆಳಿಗ್ಗೆ."

"ಬೆಳಿಗ್ಗೆ ಇಟ್ಟಿದ್ದು ಇನ್ನೂ ಒಂದು ಕೂಗೂ ಹಾಕಿಲ್ವಾ?"

"ಸಂಜೆವರೆಗೂ ಹಾಕಲ್ಲ. ಅದರ ಸ್ವಭಾವನೇ ಹಾಗೆ. ಒಳಗೊಳಗೇ..."

ಒಳಗೊಳಗೇ ನಿಧಾನವಾಗಿ ಹದವಾಗುತ್ತದೆ ಎನ್ನುವುದು ನನ್ನ ವಾಕ್ಯ. ಅಷ್ಟರಲ್ಲಿ ಕಂಟ್ರೋಲರ್ ಬಾಗಿಲಲ್ಲಿ ನಿಂತು, "ಛತ್ರಿ ಜೊತೆ ಏನ್ರೀ ಮಾತು?" ಎಂದರು. ನಾನು ಫೋನನ್ನು ಯಾರದೋ ಟೋಪಿಯೊಳಗೆ ಹಾಕಿದೆ.

ಆಮೇಲೆ ಏನಾಯಿತು ಎಂಬುದು ನನಗೆ ನಂತರ ಹತ್ತು ಬಾಯಿಂದ ತಿಳಿಯಿತು. ವಿಮೆಯವರು ಬಾಲ್ಕನಿಗೆ ಓಡಿ ಇಣುಕಿದರು. ಅಡುಗೆಮನೆಯ ಕಟ್ಟೆಯ ಮೇಲೊಂದು ಪಾತ್ರೆ, ಅದರ ಮುಚ್ಚಳ ಒಂದು ಪಕ್ಕ ಮೇಲೆದ್ದು ನಿಂತಿದೆ. ಸೌಟು ಅವರಿಗೆ ಕಾಣಲಿಲ್ಲ. ಅವರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೆಡ್ಮಿಸ್ಸಿನ ಬಾಗಿಲು ಬಡಿದರು.

"ಮೇಡಂ, ಹೊರಗೆ ಬನ್ನಿ. ನಿಮ್ಮ ತಲೆ ಮೇಲೆ ಕುಕ್ಕರಿದೆ. ಬೆಳಿಗ್ಗೆಯಿಂದ ಕೂಗಿಲ್ಲ. ಈಗ ಮುಚ್ಚಳ ಎದ್ದು ನಿಂತಿದೆ."

"ಕೂಗದಿದ್ರೆ ಒಳ್ಳೇದಲ್ವೇನ್ರೀ?"

"ಕೂಗೋ ಕುಕ್ಕರ್‌ಗೆ ಯಾರು ಹೆದರ್ತಾರೆ ಮೇಡಂ? ಬೊಗಳೋ ನಾಯಿ ಕಚ್ಚಲ್ಲ. ಇದು ಬಾಯಿ ಮುಚ್ಕೊಂಡು ಕೂತಿದೆ. ನನ್ನ ಪಾಲಿಸಿದಾರರೊಬ್ರು ಇದ್ರು, ನಿಮ್ಮಷ್ಟೇ ವಯಸ್ಸು, ಪಾಪ."

ಹೆಡ್ಮಿಸ್ಸು ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದಕ್ಕೂ ನಿಲ್ಲದೆ ಹೊರಗೆ ಬಂದು, ಬಾಗಿಲೆಳೆದುಕೊಂಡು, ಸೌಟನ್ನೇ ಬೆತ್ತದ ಹಾಗೆ ಎತ್ತಿ ಬೀದಿಯನ್ನೆಲ್ಲ ಸಾಲಾಗಿ ಆಚೆ ನಿಲ್ಲಿಸಿದರು. ಆಕೆ ಸಾಲು ಎಂದರೆ ಸಾಲು. ಎತ್ತರದ ಪ್ರಕಾರ ನಿಲ್ಲಿಸಿದರಂತೆ. ಯಾರೋ ಅಗ್ನಿಶಾಮಕಕ್ಕೆ ಫೋನ್ ಮಾಡಿದರು, ಆಕೆ ನನ್ನ ಹೆಂಡತಿಗೆ ಮಾಡಿದರು. ನನಗೆ ಯಾರೂ ಮಾಡಲಿಲ್ಲ. ಮಾಡಿದ್ದರೂ ಟೋಪಿಯೊಳಗೆ ಬಡಿದುಕೊಳ್ಳುತ್ತಿತ್ತು.

ಇತ್ತ ನಾನು ಕಂಟ್ರೋಲರ ಎದುರು ಪ್ಲಾಸ್ಟಿಕ್ ಚೀಲಗಳನ್ನು ಮಡಿಸುತ್ತಿದ್ದೆ. ವಿಮೆಯವರು ನೋಡಿರುತ್ತಾರೆ, ಎಲ್ಲ ಸರಿಯಿರುತ್ತದೆ, ಇಲ್ಲದಿದ್ದರೆ ಸುದ್ದಿ ಬರುತ್ತಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟರಲ್ಲಿ ಸುದ್ದಿ ಬಂತು. ಒಬ್ಬ ಕಂಡಕ್ಟರ್ ಒಳಗೆ ಬಂದು ಯಾರೋ ಬಿಟ್ಟುಹೋದ ಊರುಗೋಲನ್ನು ಮೇಜಿನ ಮೇಲಿಟ್ಟು ಬೆವರೊರೆಸಿಕೊಂಡ.

"ಶಾಲೆ ಹಿಂದಿನ ರಸ್ತೆ ಬಂದ್ ಮಾಡಿದಾರೆ ಸಾರ್, ಬಸ್ಸು ಸುತ್ತಾಕ್ಕೊಂಡು ಬಂತು. ಯಾವನೋ ಪುಣ್ಯಾತ್ಮ ಮನೇಲಿ ಏನೋ ಇಟ್ಟು ಪರಾರಿ ಆಗಿದಾನಂತೆ."

"ಏನಿಟ್ಟಿದಾನಂತೆ?" ಎಂದು ಕಂಟ್ರೋಲರ್ ಕೇಳಿದರು.

"ಗೊತ್ತಿಲ್ಲ. ಮಹಡಿ ಹಾರ್ಹೋಯ್ತು ಅಂತಾರೆ."

"ಯಾವ ಬಣ್ಣದ ಮಹಡಿ?" ಎಂದು ನಾನು ಕೇಳಿದೆ. ನನ್ನ ದನಿ ನನಗೇ ಯಾರದೋ ದನಿಯಂತೆ ಕೇಳಿಸಿತು.

"ಹಳದಿ."

ನಾನು ಎದ್ದೆ. ಬೂಟು ಒಂದು ಸಿಕ್ಕಿತು, ಇನ್ನೊಂದು ಮೇಜಿನ ಕೆಳಗೆಲ್ಲೋ ಹೋಗಿತ್ತು. ಕೈಗೆ ಸಿಕ್ಕ ಒಂಟಿ ಚಪ್ಪಲಿ ಹಾಕಿಕೊಂಡೆ. ಕಂಟ್ರೋಲರ್ ಹಿಂದಿನಿಂದ "ಎಲ್ರೀ ಹೊರಟ್ರಿ?" ಎಂದರು. "ಮನೆ ಸಾರ್" ಎಂದೆ. "ಮನೆಗಾ?" ಎಂದರು. ಮನೆಗೆ ಎನ್ನಲು ನನಗೆ ಧೈರ್ಯ ಬರಲಿಲ್ಲ, ಅದು ಇದ್ದರೆ ತಾನೆ ಮನೆಗೆ ಹೋಗುವುದು.

ಓಡುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಕಿಟಕಿ ಉಳಿದಿರಲಿ. ಚಾವಣಿ ಹೋಗಲಿ, ಅಡುಗೆಮನೆ ಹೋಗಲಿ, ಬೇಕಾದರೆ ನಾನೂ ಹೋಗುತ್ತೇನೆ, ಆ ಕಿಟಕಿಯೊಂದು ನಿಂತಿದ್ದರೆ ಅವಳಿಗೆ ಅದರ ಕೆಳಗೆ ಕೂತು ನನ್ನನ್ನು ಬೈಯುವುದಕ್ಕಾದರೂ ಜಾಗವಿರುತ್ತದೆ.

ಬೀದಿ ತಿರುಗಿದೆ. ಹಾರಿಹೋಗಿರಬೇಕಾದ ಮಹಡಿ ಅಲ್ಲೇ ಇತ್ತು. ಹೊಗೆಯಿಲ್ಲ, ಉರಿಯಿಲ್ಲ. ಒಂದು ಗಳಿಗೆ ಹಾಯೆನಿಸಿತು. ಆದರೆ ಹಗ್ಗ ಕಟ್ಟಿದ್ದರು, ಹಗ್ಗದಾಚೆ ಇಡೀ ಬೀದಿ ಉಸಿರು ಬಿಗಿಹಿಡಿದು ನಮ್ಮ ಅಡುಗೆಮನೆಯನ್ನೇ ನೋಡುತ್ತ ನಿಂತಿತ್ತು. ಕೆಂಪು ಗಾಡಿ ಗುರುಗುಡುತ್ತಿತ್ತು. ಇಷ್ಟು ಜನ ಸುಮ್ಮನೆ ನಿಲ್ಲುತ್ತಾರೆಯೇ, ಏನೋ ಕಂಡಿದ್ದಾರೆ, ಈಗಲೋ ಆಗಲೋ ಆಗುವುದಿದೆ ಎಂದು ನಾನು ಹಗ್ಗ ಹಿಡಿದುಕೊಂಡು ನಿಂತೆ. ಅವರು ಹೆದರಿದ್ದು ನನ್ನ ಮಾತು ಕೇಳಿ, ನಾನು ಹೆದರಿದ್ದು ಅವರ ಮುಖ ನೋಡಿ. ನನ್ನ ಮುಖ ನೋಡಿ ಅವರು ಇನ್ನೆರಡು ಹೆಜ್ಜೆ ಹಿಂದೆ ಸರಿದರು.

"ಬಂದ್ರು, ಬಂದ್ರು. ಇವರೇ ಇಟ್ಟಿದ್ದು" ಎಂದು ವಿಮೆಯವರು ಹೇಳಿದರು.

ಅಗ್ನಿಶಾಮಕದ ಅಧಿಕಾರಿ ನನ್ನ ಒಂದು ಬೂಟು ಒಂದು ಚಪ್ಪಲಿಯನ್ನು ನೋಡಿ, ಅದರ ಬಗ್ಗೆ ಏನೂ ಕೇಳದೆ, ಕೇಳಬೇಕಾದ್ದನ್ನು ಕೇಳಿದರು.

"ಒಳಗೆ ಏನಿದೆ?"

"ಗ್ರನೋಲಾ."

ಹಿಂದಿನ ಸಾಲಿನಲ್ಲಿ ಅದು ಗ್ರೆನೇಡ್ ಆಯಿತು. ಯಾರೋ ಎದುರುಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಮೂಲೆಯಂಗಡಿಯವರೆಗೆ ಹೋದರು.

"ಸಿಡಿಯೋ ಪದಾರ್ಥನಾ ಅದು?"

"ಗೊತ್ತಿಲ್ಲ ಸಾರ್. ಮೊದಲನೇ ಸಲ ಮಾಡ್ತಿರೋದು."

"ಸೇಫ್ಟಿ ವಾಲ್ವ್ ಸರಿಯಿದೆಯಾ?"

"ವಾಲ್ವೇ ಇಲ್ಲ."

"ವೆಯ್ಟು?"

"ವೆಯ್ಟೂ ಇಲ್ಲ ಸಾರ್. ಅದಕ್ಕೆ ಏನೂ ಇಲ್ಲ."

ಅಧಿಕಾರಿ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡರು. ನನಗೆ ಹೇಳಬೇಕಾದ್ದು ಬೇರೆ ಇತ್ತು, ಆದರೆ ಹೆದರಿದಾಗ ನಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲೆ, ಕೇಳದ್ದಕ್ಕೆ ನಾಲಿಗೆ ಏಳುವುದಿಲ್ಲ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ನನ್ನ ಹೆಂಡತಿ ಬಂದಳು. ಅಕ್ಕನ ಮನೆಯಿಂದ ಉಂಡ ಕೈ ತೊಳೆದವಳೇ ಹೊರಟಂತಿತ್ತು. ಮೊದಲು ಮೇಲೆ ನೋಡಿದಳು, ಕಿಟಕಿ ಇತ್ತು. ಆಮೇಲೆ ನನ್ನನ್ನು ನೋಡಿದಳು.

"ಅಕ್ಕ ಕೊಟ್ಟಿದ್ದಾ?"

ತಲೆ ಆಡಿಸಿದೆ.

"ಓಟ್ಸಾ?"

ತಲೆ ಆಡಿಸಿದೆ.

ಅವಳು ಅಧಿಕಾರಿಯ ಕಡೆ ತಿರುಗಿ, "ಸಾರ್, ಅದು ಪ್ರೆಶರ್ ಕುಕ್ಕರ್ ಅಲ್ಲ. ಕರೆಂಟಿನದು, ಮುಚ್ಚಳ ಸುಮ್ನೆ ಮೇಲಿಡೋದು. ಅದಕ್ಕೆ ಬಾಯೇ ಇಲ್ಲ, ಎಲ್ಲಿಂದ ಕೂಗುತ್ತೆ?" ಎಂದಳು.

ಬೀದಿ ನಿಟ್ಟುಸಿರು ಬಿಟ್ಟಿತು. ವಿಮೆಯವರಿಗೆ ಮಾತ್ರ ಕೊಂಚ ಬೇಸರವಾದಂತೆ ಕಂಡಿತು. ನಾನೂ ಉಸಿರು ಬಿಡಬೇಕೆನ್ನುವಾಗ ಹೆಡ್ಮಿಸ್ಸು ಸೌಟು ಹಿಡಿದು ಮುಂದೆ ಬಂದರು.

"ಕರೆಂಟಿನದು. ಅಂದ್ರೆ ಯಾರೂ ಇಲ್ಲದ ಮನೇಲಿ ಬೆಳಿಗ್ಗೆಯಿಂದ ಕರೆಂಟ್ ಹಾಕಿಟ್ಟು ಹೋಗಿದೀರಿ. ತಲೆ ಎತ್ತಿ ಉತ್ತರ ಕೊಡಿ."

"ಹೌದು ಮೇಡಂ."

"ನಲ್ಲಿ ಒಂದು, ಇಸ್ತ್ರಿ ಎರಡು. ಇದು?"

"ಮೂರು ಮೇಡಂ."

"ಮೂರಕ್ಕೆ ಏನು?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಸಿಡಿಯುವುದಾಗಿದ್ದರೆ ಇಷ್ಟು ಹೊತ್ತಿಗೆ ಸಿಡಿದು ಮುಗಿದಿರುತ್ತಿತ್ತು, ಇದು ಹಾಗಲ್ಲ. ನನಗೆ ಅವತ್ತಿನ ನಿಜವಾದ ಭಯ ಆಗಿದ್ದು ಆಗಲೇ.

ಆದರೂ ನೋಡಬೇಕು ಎಂದು ಅಧಿಕಾರಿ ನಮ್ಮನ್ನು ಮೇಲೆ ಕರೆದುಕೊಂಡು ಹೋದರು. ಮುಂದೆ ಅವರು, ಹಿಂದೆ ಹೆಡ್ಮಿಸ್ಸು, ಅವರ ಹಿಂದೆ ನನ್ನ ಹೆಂಡತಿ, ಕೊನೆಗೆ ನಾನು. ಅಡುಗೆಮನೆಯಲ್ಲಿ ಕುಕ್ಕರ್ ಬೆಳಿಗ್ಗೆ ನಾನಿಟ್ಟ ಹಾಗೇ ಇತ್ತು. ಜೇನಿನ ಘಮವಿರಲಿಲ್ಲ. ಅಧಿಕಾರಿ ಕೈಗವಸು ಹಾಕಿಕೊಂಡು ಮುಟ್ಟಿದರು. ಕೈಗವಸು ತೆಗೆದು ಮುಟ್ಟಿದರು.

"ತಣ್ಣಗಿದೆ."

ಹೆಂಡತಿ ಸ್ವಿಚ್ ಬೋರ್ಡ್ ನೋಡಿದಳು. ಒಂದು ಸ್ವಿಚ್ಚೂ ಆನ್ ಇರಲಿಲ್ಲ. ಮನೆ ಬಿಡುವಾಗ ಅಡುಗೆಮನೆಯ ಬೋರ್ಡಿನ ಮೇಲೆ ಅಂಗೈ ಸವರಿ ಎಲ್ಲವನ್ನೂ ಒಟ್ಟಿಗೆ ಆರಿಸುವುದು 'ಕೈಯಾಡಿಸುವ' ಶಿಸ್ತಿನ ಮೊದಲನೆಯ ಪಾಠ. ನನ್ನ ಕೈ ಅದನ್ನು ಮಾಡಿತ್ತು, ನನಗೆ ತಿಳಿಸಿರಲಿಲ್ಲ. ಹಸಿ ಓಟ್ಸು ಬಾದಾಮಿಯ ಜೊತೆ ಬೆಳಿಗ್ಗೆಯಿಂದ ಸುಮ್ಮನೆ ಮಲಗಿತ್ತು.

"ನೋಡಿ ಮೇಡಂ, ಆರಿಸಿದಾರೆ. ಏನೂ ಉರೀತಿರ್ಲಿಲ್ಲ" ಎಂದಳು ಹೆಂಡತಿ.

ಹೆಡ್ಮಿಸ್ಸು ಸುಲಭಕ್ಕೆ ಪಾಸು ಮಾಡುವವರಲ್ಲ. "ಉರೀತಿರ್ಲಿಲ್ಲ. ಸರಿ. ಆದ್ರೆ ಇವರು ಉರೀತಿದೆ ಅಂತಾನೇ ತಿಳ್ಕೊಂಡು ಹೋಗಿದ್ರಲ್ಲ? ಪರೀಕ್ಷೇಲಿ ಕಾಪಿ ಚೀಟಿ ಇಟ್ಕೊಂಡು ಬಂದವನು, ತೆಗೆದು ನೋಡಲಿಲ್ಲ ಅಂದ್ರೆ ಬಿಟ್ಬಿಡ್ತೀವಾ? ಮನೆ ಬಿಟ್ಟು ಹೋಗೋವಾಗ ಮನಸ್ಸು ಎಲ್ಲಿರ್ಬೇಕು? ಒಲೆ ಮೇಲಿರ್ಬೇಕು. ನಾನು ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ..."

ಆಗ ಅದು ಕೂಗಿತು.

ಸಾಧಾರಣ ಕೂಗಲ್ಲ. ಉದ್ದಕ್ಕೆ, ಕರ್ಕಶವಾಗಿ, ಕೊನೆಗೆ ಕೀರಲಾಗಿ ಕೂಗಿತು. ಅಧಿಕಾರಿ "ಕೆಳಗೆ, ಕೆಳಗೆ" ಎಂದು ನೆಲಕ್ಕೆ ಬಿದ್ದರು. ಹೆಂಡತಿ ನನ್ನ ತೋಳು ಹಿಡಿದಳು. ನಾನು ಯಾಕೆ ಹಾಗೆ ಮಾಡಿದೆನೋ ತಿಳಿಯದು, ಕುಕ್ಕರನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡೆ. ತಣ್ಣಗಿದ್ದದ್ದನ್ನು ತಬ್ಬಿಕೊಂಡು ಬೆವೆತೆ. ಬೀದಿಯಿಂದ ವಿಮೆಯವರ ದನಿ ಕೇಳಿಸಿತು, "ಕೂಗ್ತು, ಕೂಗ್ತು, ನಾನು ಹೇಳಲಿಲ್ವಾ?"

ಹೆಡ್ಮಿಸ್ಸು ಮಾತ್ರ ಬಗ್ಗಲಿಲ್ಲ. ಆಕೆ ತನ್ನ ಕೈಯಲ್ಲಿದ್ದ ಸೌಟನ್ನು ನೋಡುತ್ತಿದ್ದರು.

"ಅದು ನಂದು" ಎಂದರು.

ಅಧಿಕಾರಿ ಎದ್ದು ಮೆಟ್ಟಿಲಿಳಿದು ಓಡಿದರು. ನಾವೂ ಓಡಿದೆವು. ಕೆಳಗಿನ ಅಡುಗೆಮನೆ ಹೊಗೆಯಿಂದ ತುಂಬಿತ್ತು. ವಿಮೆಯವರು ಬಾಗಿಲು ಬಡಿದಾಗ ಆಕೆ ಸಣ್ಣ ಉರಿಯಲ್ಲಿ ಆಲೂಗಡ್ಡೆ ಬೇಯಲಿಟ್ಟಿದ್ದರು. ಅದು ಎಷ್ಟು ಸಲ ಕೂಗಿ ಕರೆದಿತ್ತೋ, ಮುಚ್ಚಿದ ಬಾಗಿಲು, ಗಾಡಿಯ ಗುರುಗುಟ್ಟು, ಎಲ್ಲರ ಕಿವಿಯೂ ಮಹಡಿಯ ಕೂಗದ ಕುಕ್ಕರಿನ ಕಡೆಗೆ. ಕೂಗುವುದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಈಗ ನೀರೆಲ್ಲ ಆರಿ, ವಾಲ್ವ್ ಹಾರಿ, ಪಕ್ಕದಲ್ಲಿ ನೇತುಹಾಕಿದ್ದ ಒರೆಸುವ ಬಟ್ಟೆಯ ಅಂಚಿಗೆ ಕಿಡಿ ಹತ್ತಿತ್ತು. ಆ ಬಟ್ಟೆಯ ಮೇಲೆ ಮರದ ಗೂಡು, ಅದರ ತುಂಬ ಆಕೆಯ ಹಳೆಯ ಪುಸ್ತಕಗಳು. ಅಧಿಕಾರಿ ಒಲೆಯಾರಿಸಿ, ಬಟ್ಟೆಯನ್ನೆಳೆದು ತೊಟ್ಟಿಗೆ ಹಾಕಿ ನೀರು ಬಿಟ್ಟರು. ಎಲ್ಲ ಒಂದು ಉಸಿರಿನಲ್ಲಿ ಮುಗಿಯಿತು. ಗಾಡಿ ಬಾಗಿಲಲ್ಲೇ ಇರದಿದ್ದರೆ ಮುಗಿಯುತ್ತಿದ್ದ ರೀತಿಯೇ ಬೇರೆ.

ಹೆಡ್ಮಿಸ್ಸು ಓದುವ ಕುರ್ಚಿಯಲ್ಲಿ ಕುಳಿತರು. ಸೌಟು ಕುರ್ಚಿಯ ತೋಳಿಗೆ ಟಕಟಕ ಬಡಿಯುತ್ತಿತ್ತು. ಆ ಮನೆಯಲ್ಲಿ ಆಕೆ ಒಬ್ಬರೇ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿನವರೆಗೆ ನಾನು ಅದನ್ನು ಯೋಚಿಸಿರಲಿಲ್ಲ. ನನ್ನ ಹೆಂಡತಿ ಕಿಟಕಿಗಳನ್ನು ತೆರೆದಳು. ಮೂರನೇದು ಯಾರ ಲೆಕ್ಕಕ್ಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಕುಡಿಯಲು ನೀರು ತಂದುಕೊಟ್ಟಳು.

"ನಾನು ಯಾವತ್ತೂ ಮರೆತವಳಲ್ಲ" ಎಂದರು ಹೆಡ್ಮಿಸ್ಸು. ನೀರು ಕುಡಿದು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿ, "ನೀವು ಹೇಗೆ ಆರಿಸಿದ್ರಿ? ನಿಮಗೇ ಗೊತ್ತಾಗದ ಹಾಗೆ?" ಎಂದು ಕೇಳಿದರು.

"ಹೆದರಿಕೆ ಮೇಡಂ. ಅದು ಅಂಗೈಗೆ ಇಳಿದ್ಬಿಟ್ಟಿದೆ. ಮೊದಮೊದಲು ಗುಂಡಿ ಮುಟ್ಟಿ ಬಾಯಲ್ಲಿ ಹೇಳ್ಬೇಕು, ಆರಿಸಿದೆ ಅಂತ."

ಆಕೆ ಎದ್ದರು. ಒಲೆಯ ಮುಂದೆ ಹೋಗಿ ನಿಂತು, ಗುಂಡಿಯ ಮೇಲೆ ಬೆರಳಿಟ್ಟು, ತರಗತಿಯಲ್ಲಿ ಪಾಠ ಒಪ್ಪಿಸುವಂತೆ "ಆರಿಸಿದೆ" ಎಂದರು. ನಾನು "ಇನ್ನೊಂದ್ಸಲ" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ದೇವರೇ ಬಲ್ಲ. ಆಕೆ ಇನ್ನೊಂದು ಸಲ ಹೇಳಿದರು.

ಹೆಂಡತಿ ಮೆಲ್ಲಗೆ, "ಮತ್ತೆ ನಮ್ಮ ಟಿ.ಸಿ. ಮೇಡಂ?" ಎಂದಳು.

"ಯಾವ ಟಿ.ಸಿ.? ದಿನಾ ಕೆಲಸಕ್ಕೆ ಹೋಗೋವಾಗ ಇವರು ಕೆಳಗೂ ಬಂದು ಒಂದ್ಸಲ ಆ ಅಂಗೈ ಸವರಿಬಿಟ್ಟು ಹೋಗ್ಲಿ. ತಪ್ಪಿಸಿದ್ರೆ ಆಗ ನೋಡೋಣ."

ಅಂದಿನಿಂದ ನಾನು ಕೆಲಸಕ್ಕೆ ಹೊರಡುವುದು ಬೇಗ. ಮೊದಲು ನಮ್ಮ ಮನೆ, ಆಮೇಲೆ ಹೆಡ್ಮಿಸ್ಸಿನದು. ಸುದ್ದಿ ಹರಡಿ ಎದುರುಮನೆಯ ಅಜ್ಜಿ, ಮೂಲೆಯಂಗಡಿಯವರು, ಕೊನೆಗೆ ವಿಮೆಯವರೂ ಕರೆಯತೊಡಗಿದರು. ನಾನು ಬೀದಿಯ ತುಂಬ ಸ್ವಿಚ್ಚುಗಳನ್ನು ಸವರುತ್ತ ಹೋಗುತ್ತೇನೆ. ನನ್ನ ಹೆದರಿಕೆಗೆ ಇಷ್ಟು ಮರ್ಯಾದೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಇನ್ನು ಗ್ರನೋಲಾ. ಮುಂದಿನ ಭಾನುವಾರ ಎಲ್ಲರೂ ಅದನ್ನು ಕಣ್ಣಾರೆ ನೋಡಲೇಬೇಕೆಂದು ಮಹಡಿ ಹತ್ತಿ ಬಂದರು. ಹೊಲಿಗೆ ಯಂತ್ರದ ಪಕ್ಕ ಮೇಜಿನ ಮೇಲೆ ಸ್ಲೋ ಕುಕ್ಕರ್ ಇಟ್ಟು, ಸೌಟು ಸಿಕ್ಕಿಸಿ, ಸ್ವಿಚ್ ಹಾಕಿದೆ. ಹೆಡ್ಮಿಸ್ಸು ಎದುರಿಗೆ ಕೂತರು. ಅಜ್ಜಿ ಬಾಗಿಲ ಹತ್ತಿರ ಕೂತರು. ವಿಮೆಯವರು ಕೂರಲಿಲ್ಲ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. ಹೊತ್ತು ಸರಿಯಿತು. ಆಗಾಗ ನಾನು ಕೈಯಾಡಿಸಲು ಮುಚ್ಚಳ ಸರಿಸಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲುತ್ತಿದ್ದರು. ಜೇನು, ಬಾದಾಮಿ ಹುರಿದ ಘಮ ಕೋಣೆ ತುಂಬಿತು. ಓಟ್ಸು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಯಿತು. ನಾನು "ಆಯ್ತು" ಎಂದು ಮುಚ್ಚಳ ಪೂರ್ತಿ ತೆಗೆಯಹೋದೆ.

"ಮುಟ್ಬೇಡಿ" ಎಂದರು ಹೆಡ್ಮಿಸ್ಸು. "ಇನ್ನೂ ಕೂಗಿಲ್ಲ."

"ಇದು ಕೂಗೋದಿಲ್ಲ ಮೇಡಂ. ಅವತ್ತೇ ಹೇಳಿದ್ವಲ್ಲ."

"ಹೇಳಿದ್ರಿ. ಅರ್ಥ ಆಗಿದೆ. ಆದ್ರೂ ಒಂದಾದ್ರೂ ಕೂಗದೆ ಹೇಗ್ರೀ ತೆಗೆಯೋದು? ಮನಸ್ಸು ಒಪ್ಪಲ್ಲ."

"ಹೌದು, ಹೌದು" ಎಂದರು ಎಲ್ಲರೂ. ನನಗೂ ಒಳಗೊಳಗೇ ಹಾಗೇ ಅನಿಸುತ್ತಿತ್ತು, ಮುಚ್ಚಳದ ಮೇಲಿಟ್ಟ ಕೈ ಏಳಲಿಲ್ಲ. ಕಾದೆವು. ಕುಕ್ಕರ್ ಸುಮ್ಮನಿತ್ತು. ಸೀದ ವಾಸನೆ ಸಣ್ಣಗೆ ಶುರುವಾಯಿತು, ಆದರೂ ಯಾರೂ ಅಲುಗಾಡಲಿಲ್ಲ.

ಕಿಟಕಿಯ ಕೆಳಗೆ ಹೊಲಿಯುತ್ತ ಕೂತಿದ್ದ ನನ್ನ ಹೆಂಡತಿ ಯಂತ್ರ ನಿಲ್ಲಿಸಿದಳು. ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಎರಡು ಬೆರಳು ಬಾಯಿಗಿಟ್ಟು, ಮದುವೆಯಾಗಿ ಇಷ್ಟು ವರ್ಷ ನಾನೆಂದೂ ಕೇಳಿರದ ಒಂದು ಸೀಟಿ ಹೊಡೆದಳು.

"ಹಾಂ, ಆಯ್ತು" ಎಂದರು ಹೆಡ್ಮಿಸ್ಸು. "ಈಗ ಆರಿಸಿ."